ಊದುವ ಮಿಸ್ತ್ರಿ ಲಾಡಲೇಸಾಬ

ಲಾಡಲೇಸಾಬ ಮಿಸ್ತ್ರಿಯ ಬಗ್ಗೆ ನಮ್ಮ ಕಡೆ ಎರಡು ಮಾತು ಹಬ್ಬಿದ್ದವು. ಒಂದು, ಅವನು ಕೆಟ್ಟು ನಿಂತ ಗಾಡಿಗೆ ಮಂತ್ರ ಊದಿ ಚಾಲೂ ಮಾಡುತ್ತಾನೆ. ಎರಡು, ಅವನು ಮುರಿಗೆವ್ವನ ಮಗಳನ್ನು ಕೊಂದ. ಎರಡೂ ಸುಳ್ಳು. ಮೊದಲನೆಯ ಸುಳ್ಳನ್ನು ಹಬ್ಬಿಸಿದವನು ನಾನು. ಎರಡನೆಯದನ್ನು ಹಬ್ಬಿಸಿದವನು ಸ್ವತಃ ಲಾಡಲೇಸಾಬ. ಊರ ಬಾಯಿಗೆ ಮುಚ್ಚಳ ಇಲ್ಲ ನೋಡಿ, ಯಾರು ಏನು ಕೊಟ್ಟರೂ ನುಂಗುತ್ತದೆ.

ನನ್ನ ಹೆಸರು ಈರಯ್ಯ. ಪೂಜೆ ಮಾಡಿಸುವ ಜಂಗಮರ ಮನೆಯವನು, ಅದಕ್ಕೇ ಊರಿಗೆಲ್ಲ ಅಯ್ಯಾರು, ಹೊಟ್ಟೆಪಾಡಿಗೆ ಮೋಟಾರು ಹೊಡೆಯುತ್ತಿದ್ದವನು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಸಿಟ್ಟಿನ ಕೈಯಿಂದ ನಾನು ಮಾಡಬಾರದ್ದನ್ನೂ ಮಾಡಿದ್ದೇನೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ನಾನು ಬಬಲೇಶ್ವರದ ಮುರಿಗೆವ್ವನ ವ್ಯಾನು ಹೊಡೆಯುತ್ತಿದ್ದೆ. ಗಂಡ ಸತ್ತ ಮೇಲೆ ಅವನ ಹಳೆಯ ವ್ಯಾನನ್ನು ಮಾರಿಬಿಡು ಎಂದು ಬಂಧುಗಳೆಲ್ಲ ಬೆನ್ನುಹತ್ತಿದರೂ ಮಾರದೆ, ತಾನೇ ಮುಂದೆ ನಿಂತು ನಡೆಸಿದ ಗಟ್ಟಿ ಹೆಂಗಸು ಅವಳು. ಬೆಳಿಗ್ಗೆ ಬಬಲೇಶ್ವರದಿಂದ ತಿಕೋಟಾ, ಅಲ್ಲಿಂದ ವಿಜಾಪುರ, ಸಂಜೆಗೆ ಅದೇ ದಾರಿಯಲ್ಲಿ ವಾಪಸು. ಪೆಟ್ರೋಲು ಚೀಟಿಯ ಮೇಲೆ ಸಿಗುತ್ತಿತ್ತು. ಬಿಡಿಭಾಗವಂತೂ ದೇವರೇ ಕೊಡಬೇಕು. ಅಂಥದ್ದರಲ್ಲಿ ಆ ಗಾಡಿ ಓಡುತ್ತಿತ್ತು ಅನ್ನುವುದೇ ದೊಡ್ಡದು.

ಪ್ರತಿ ಅಮಾವಾಸ್ಯೆ ಗಾಡಿಗೆ ಪೂಜೆ. ಎಲ್ಲರೂ ಒಂದು ಕಾಯಿ ಒಡೆದು, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು ಮುಗಿಸುತ್ತಾರೆ. ಮುರಿಗೆವ್ವನಿಗೆ ಅಷ್ಟಕ್ಕೆ ಸಮಾಧಾನ ಇರಲಿಲ್ಲ. ಒಂದು ದಿನ ಕೇಳಿದಳು, “ಅಯ್ಯಾರ, ಈ ಗಾಡಿ ಜೀವ ಎಲ್ಲೈತ್ರಿ?”

ನಾನು ಅತಿ ಶಾಣ್ಯಾನ ಹಾಗೆ ನನ್ನ ಕಾಲಡಿಯ ಹಲಗೆ ಎತ್ತಿ ಬ್ಯಾಟರಿ ತೋರಿಸಿದೆ. “ಇಲ್ಲೈತಿ ನೋಡ್ರಿ ಯವ್ವಾ. ಇದು ಸತ್ರ ಗಾಡಿ ಸತ್ತಂಗ.”

ಅಂದಿನಿಂದ ಪೂಜೆ ಆ ಜೀವಕ್ಕೇ. ಕೇಬಲು ಬಿಚ್ಚುವುದು, ಬ್ಯಾಟರಿಯನ್ನು ಎತ್ತಿ ತಂದು ಮಣೆಯ ಮೇಲೆ ಇಡುವುದು, ಒದ್ದೆ ಬಟ್ಟೆಯಿಂದ ಒರೆಸುವುದು. ವಿಭೂತಿ ನೆನೆಸಿ ನಾಲ್ಕೂ ಮಗ್ಗುಲಿಗೆ ಮೂರು ಬೆರಳಿನಿಂದ ಎಳೆಯುವುದು. ಬ್ಯಾಟರಿಯ ತಲೆಯ ಮೇಲೆ ಎರಡು ಸೀಸದ ಗೂಟ ಇರುತ್ತವೆ, ಕೇಬಲಿನ ಕ್ಲಾಂಪು ಕೂಡುವುದು ಅವುಗಳ ಮೇಲೆ. ಆ ಗೂಟಗಳಿಗೂ ದಪ್ಪಗೆ ವಿಭೂತಿ ಮೆತ್ತುವುದು. ನಾನು ಅಯ್ಯ, ಇದನ್ನು ನನ್ನ ಬಿಟ್ಟರೆ ಮತ್ಯಾರು ಮಾಡಬೇಕು? ಆಮೇಲೆ ಹಾಗೇ ಕ್ಲಾಂಪು ಹಾಕಿ ಬಿಗಿದರೆ ಪೂಜೆ ಮುಗಿಯಿತು.

ಅಮಾವಾಸ್ಯೆ ಕಳೆದು ಎರಡು ಮೂರು ದಿನಕ್ಕೆ ಗಾಡಿ ಮುನಿಸಿಕೊಳ್ಳುತ್ತಿತ್ತು. ಹೆಚ್ಚಾಗಿ ವಿಜಾಪುರದಲ್ಲಿ, ಸಿದ್ಧೇಶ್ವರ ಗುಡಿಯ ಹತ್ತಿರ ಮಂದಿಯನ್ನು ತುಂಬಿಕೊಂಡು ಹೊರಡುವ ಹೊತ್ತಿಗೆ. ಚಾಲೂ ಮಾಡುವ ಸೆಲ್ಫ್ ಗುಂಡಿ ಒತ್ತಿದರೆ ಟಕ್ ಅಂತ ಒಂದೇ ಸದ್ದು. ಆಮೇಲೆ ಏನೂ ಇಲ್ಲ. ಹಾರನ್ನಿಗೂ ದನಿ ಇಲ್ಲ, ದೀಪಕ್ಕೂ ಬೆಳಕಿಲ್ಲ. ಗಾಡಿಯ ಮೂತಿಗೆ ಹ್ಯಾಂಡಲ್ ಹಾಕಿ ಕೈಯಿಂದ ತಿರುವಿದರೂ ಇಂಜಿನ್ನಿನಲ್ಲಿ ಕಿಡಿ ಇಲ್ಲ. ನಾನು ಕೆಳಗಿಳಿದು ಬೈಯುತ್ತ ನಿಂತಿದ್ದಾಗ, ಯಾರೂ ಮುಟ್ಟದೆ, ಮುಂದಿನ ಎರಡೂ ದೀಪ ತಾವಾಗಿಯೇ ಹತ್ತಿಬಿಡುತ್ತಿದ್ದವು. ಅದನ್ನು ನೋಡಿದ ಹೆಂಗಸರು ಗಂಟುಮೂಟೆ ಎತ್ತಿಕೊಂಡು ಇಳಿದೇ ಹೋಗುತ್ತಿದ್ದರು. ಅಮಾವಾಸ್ಯೆಯ ಬೆನ್ನಿಗೇ ಬರುತ್ತದೆ ಅಂದ ಮೇಲೆ ಅದು ದೆವ್ವದ ಗಾಳಿಯೇ ಸರಿ ಎಂದು ಊರೆಲ್ಲ ತೀರ್ಮಾನಿಸಿತು. ನಿಜ ಹೇಳಲೇ? ನಾನೂ ನಂಬಿದ್ದೆ.

ಲಾಡಲೇಸಾಬನ ಅಂಗಡಿ ಗುಡಿಯ ಹಿಂದಿನ ಓಣಿಯಲ್ಲಿತ್ತು. ತಗಡಿನ ಛಪ್ಪರ, ಮುಂದೆ ಒಂದು ಬೇವಿನ ಗಿಡ. ಬೇರೆ ಗಾಡಿಗಳಲ್ಲಿ ಅವನು ಕೆಲಸ ಮಾಡುವುದನ್ನು ನಾನು ತಾಸುಗಟ್ಟಲೆ ನೋಡಿದ್ದೇನೆ. ಡ್ರೈವರನಿಗೆ ಸೆಲ್ಫ್ ಒತ್ತಲು ಹೇಳಿ, ಕೂಸಿನ ಹಣೆಗೆ ಜ್ವರ ನೋಡಿದ ಹಾಗೆ, ಕೇಬಲಿನ ಉದ್ದಕ್ಕೂ ಮುಂಗೈ ಸವರುತ್ತ ಹೋಗುತ್ತಿದ್ದ. ಎಲ್ಲಿ ಬಿಸಿ ಇದೆಯೋ ಅಲ್ಲಿ ರೋಗ. ಇನ್ನೂ ಸಂಶಯ ಬಂದರೆ ಒಂದು ಸಣ್ಣ ಬಲ್ಬು, ಅದಕ್ಕೆರಡು ತಂತಿ. ಒಂದನ್ನು ಸೀಸದ ಗೂಟಕ್ಕೆ ಮುಟ್ಟಿಸಿ ಇನ್ನೊಂದನ್ನು ಅದರ ಮೇಲಿನ ಕ್ಲಾಂಪಿಗೇ ಮುಟ್ಟಿಸಿ ಸೆಲ್ಫ್ ಒತ್ತಿಸುತ್ತಿದ್ದ.

“ಎರಡೂ ಕೂಡಿದ್ರ ಬಲ್ಬ ಹತ್ತಬಾರದ್ರಿ ಅಯ್ಯಾರ. ಹತ್ತಿತಂದ್ರ ನಡುವ ಕಳ್ಳ ಕುಂತಾನ. ಬ್ಯಾಟರಿಗೆ ಸುಳ್ಳ ಬೈಬ್ಯಾಡ್ರಿ. ಹತ್ತರಾಗ ಎಂಟು ಸಲ ತಪ್ಪು ಕೂಡಿಸಿದ ಜಾಗಾದ್ದ ಇರ್ತೈತಿ.”

ಆದರೆ ನಮ್ಮ ವ್ಯಾನು ಬಂದಾಗ ಮಾತ್ರ ಅವನು ಹೀಗೆ ಏನೂ ತೋರಿಸುತ್ತಿರಲಿಲ್ಲ. “ಅಯ್ಯಾರ, ಹೋಗಿ ಚಾ ಕುಡದ ಬರ್ರಿ,” ಅನ್ನುತ್ತಿದ್ದ. ನಾನು ಚಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು ಬರುವಷ್ಟರಲ್ಲಿ ಹಲಗೆ ಮೊದಲಿನ ಹಾಗೇ ಕೂತಿರುತ್ತಿತ್ತು. “ಈಗ ಒತ್ತರಿ.” ಒತ್ತಿದರೆ ಗಾಡಿ ಗುರ್ರ್ ಅಂತ ಒಂದೇ ಏಟಿಗೆ ಚಾಲೂ.

“ಏನ ಮಾಡಿದ್ಯೋ ಸಾಬಾ?” ಎಂದರೆ ನಗುತ್ತಿದ್ದ. ಹೇಳದಿದ್ದರೆ ನಾನು ಬಿಡುತ್ತೇನೆಯೇ? “ಸಾಬ ಏನೋ ಓದಿ ಊದ್ತಾನ್ರೆಪಾ, ಗಾಳಿ ಬಿಟ್ಟ ಓಡ್ತೈತಿ,” ಎಂದು ತಿಕೋಟಾದ ಸಂತೆಯಿಂದ ಕನಮಡಿಯ ತನಕ ಸಾರಿದೆ. ಊದುವ ಮಿಸ್ತ್ರಿ ಎಂಬ ಹೆಸರೇ ಬಿತ್ತು ಅವನಿಗೆ. ಅದಕ್ಕೂ ನಕ್ಕು ಸುಮ್ಮನಾದ.

ಸಾವಿರದ ಒಂಬೈನೂರಾ ನಲವತ್ತಾರರ ಎಳ್ಳ ಅಮಾವಾಸ್ಯೆ. ಮುರಿಗೆವ್ವನ ಒಬ್ಬಳೇ ಮಗಳು ಶಂಕ್ರೆವ್ವ ಹೆರಿಗೆಗೆ ತವರಿಗೆ ಬಂದಿದ್ದಳು. ಬೆಳಿಗ್ಗೆ ನಾನು ಬ್ಯಾಟರಿಯನ್ನು ಮಣೆಯ ಮೇಲೆ ಇಟ್ಟು ವಿಭೂತಿ ಎಳೆಯುತ್ತಿದ್ದಾಗ ಮುರಿಗೆವ್ವ ಬಗ್ಗಿ ನೋಡಿ, “ಇವತ್ತ ಜಾಸ್ತಿ ಹಚ್ರಿ ಅಯ್ಯಾರ, ಮಗಳ ದಿನ ತುಂಬ್ಯಾವ,” ಎಂದಳು. ನಾನು ಎರಡು ಪಟ್ಟು ಮೆತ್ತಿದೆ.

ಹಬ್ಬವೆಂದು ಅಂದು ವ್ಯಾನು ವಿಜಾಪುರಕ್ಕೆ ಬಿಟ್ಟಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಶಂಕ್ರೆವ್ವನಿಗೆ ಹೆರಿಗೆಯ ಬ್ಯಾನೆ ಎದ್ದಿತು. ಸೂಲಗಿತ್ತಿ ರಾಜಬಿ ಹೊರಗೆ ಬಂದು, “ಕೂಸು ಅಡ್ಡ ಐತ್ರಿ. ನನ್ನ ಕೈಲೆ ಆಗೂದಿಲ್ಲ. ಲಗೂನ ವಿಜಾಪುರ ದವಾಖಾನಿಗೆ ಒಯ್ರಿ,” ಎಂದಳು. ಶಂಕ್ರೆವ್ವನನ್ನು ಕೌದಿಯಲ್ಲಿ ಎತ್ತಿ ತಂದು ವ್ಯಾನಿನೊಳಗೆ ಮಲಗಿಸಿದರು. ನಾನು ಸೆಲ್ಫ್ ಒತ್ತಿದೆ. ಟಕ್.

ಹಾರನ್ ಒತ್ತಿದೆ, ಸದ್ದಿಲ್ಲ. ದೀಪದ ಗುಂಡಿ ಎಳೆದೆ, ಹತ್ತಲಿಲ್ಲ. ಪೆಟ್ರೋಲು ನೋಡಿದೆ, ಪ್ಲಗ್ಗು ಬಿಚ್ಚಿ ಒರೆಸಿದೆ. ಹ್ಯಾಂಡಲ್ ಹಾಕಿ ಅಂಗೈಯ ಚರ್ಮ ಕಿತ್ತು ಬರುವ ತನಕ ತಿರುವಿದೆ. ನೂಕೋಣವೆಂದರೆ ಗಂಡಸರೆಲ್ಲ ಬುತ್ತಿ ಕಟ್ಟಿಕೊಂಡು ಚರಗ ಚೆಲ್ಲಲು, ಭೂತಾಯಿಗೆ ಎಡೆ ಕೊಡಲು, ಹೊಲಕ್ಕೆ ಹೋಗಿದ್ದರು. ಊರು ಬರಿದೋ ಬರಿದು. ಹಲಗೆ ಎತ್ತಿ ಬ್ಯಾಟರಿ ಯಾಕೆ ನೋಡಲಿಲ್ಲ ಅಂತ ಕೇಳುತ್ತೀರಿ. ನನ್ನನ್ನು ನಾನೇ ಸಾವಿರ ಸಲ ಕೇಳಿಕೊಂಡಿದ್ದೇನೆ. ಬೆಳಿಗ್ಗೆ ತಾನೇ ನನ್ನ ಕೈಯಾರೆ ಪೂಜೆ ಮಾಡಿ ಬಿಗಿದ ಜಾಗ ಅದು. ಅಲ್ಲಿ ಕೇಡು ಇದ್ದೀತು ಎಂದು ಹೊಳೆಯಲೇ ಇಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ.

ಒಳಗಿನಿಂದ ಶಂಕ್ರೆವ್ವ ಕೇಳುತ್ತಿದ್ದಳು, “ಚಾಲೂ ಆತೇನ್ರಿ ಅಯ್ಯಾರ?” ನಾನು ಹ್ಯಾಂಡಲ್ ತಿರುವಿ ನಿಂತಾಗೊಮ್ಮೆ ಕೇಳುತ್ತಿದ್ದಳು. “ಈಗ ಆಗ್ತೈತಿ ತಂಗಿ, ಈಗ ಆಗ್ತೈತಿ,” ಅನ್ನುತ್ತಿದ್ದೆ. ಆಮೇಲೆ ಆಮೇಲೆ ಕೇಳುವುದನ್ನು ಬಿಟ್ಟಳು. ನನಗೆ ಈಗಲೂ ಯಾವ ಇಂಜಿನ್ನು ಬಂದ್ ಮಾಡಿದರೂ, ಸದ್ದು ನಿಂತ ಆ ಒಂದು ಗಳಿಗೆಯಲ್ಲಿ, ಬೆನ್ನ ಹಿಂದೆ ಅವಳು ಕೇಳಿದ ಹಾಗಾಗುತ್ತದೆ. ತಿರುಗಿ ನೋಡುವುದಿಲ್ಲ. ನೋಡಲು ಧೈರ್ಯ ಇಲ್ಲ.

ಹೊಲದಿಂದ ಎತ್ತಿನ ಗಾಡಿ ತರಿಸುವಷ್ಟರಲ್ಲಿ ಒಂದೂವರೆ ತಾಸು ಹೋಗಿತ್ತು. ಅರ್ಧ ದಾರಿಯಲ್ಲಿ, ಸಾರವಾಡ ದಾಟಿದ ಮೇಲೆ, ತಾಯಿ ಕೂಸು ಇಬ್ಬರೂ ಹೋದರು. ಗಾಡಿ ಅಲ್ಲಿಂದಲೇ ತಿರುಗಿತು.

ಮುಸ್ಸಂಜೆಗೆ ಹೆಣ ಪಡಸಾಲೆಯಲ್ಲಿತ್ತು. ಹೊಲದಿಂದ ಬಂದ ಮಂದಿಯೆಲ್ಲ ಅಂಗಳದಲ್ಲಿ ಕೂತಿತ್ತು. ಬಾಗಿಲ ಮುಂದೆ ನಿಂತಿದ್ದ ವ್ಯಾನಿನ ಎರಡೂ ದೀಪ, ಯಾರೂ ಮುಟ್ಟದೆ, ಭಗ್ ಅಂತ ಹತ್ತಿಕೊಂಡವು. ಬೆಳಕು ನೇರ ಪಡಸಾಲೆಯೊಳಗೆ ಬಿತ್ತು. ಅಳುತ್ತಿದ್ದವರು ಅಳುವುದನ್ನೇ ನಿಲ್ಲಿಸಿದರು. ಮುರಿಗೆವ್ವ ಹೆಣದ ಮಗ್ಗುಲಿಂದ ಎದ್ದು, ಸೀರೆಯ ಸೆರಗು ಜಾರಿದ್ದೂ ಗೊತ್ತಿಲ್ಲದೆ, ಆ ದೀಪಗಳ ಮುಂದೆ ಹೋಗಿ ನಿಂತು, “ಬಂದ್ಯಾ ಶಂಕ್ರೆವ್ವಾ?” ಎಂದಳು.

ಮರುದಿನ ಸುದ್ದಿ ಕೇಳಿ ಲಾಡಲೇಸಾಬ ಸೈಕಲ್ ತುಳಿದುಕೊಂಡು ಬಂದ. ನೇರ ವ್ಯಾನು ಹತ್ತಿ ಹಲಗೆ ಎತ್ತಿ ನೋಡಿದ. ಕುಕ್ಕುರುಗಾಲಿನಲ್ಲಿ ಕೂತು ಕ್ಲಾಂಪಿನ ಮೇಲೆ ಬೆರಳಾಡಿಸಿದ. ನಾನು ಅವನ ಮುಂದೆ ಅಳುತ್ತ, ಎರಡು ಪಟ್ಟು ವಿಭೂತಿ ಹಚ್ಚಿಸಿದಳಲ್ಲೋ ಆ ತಾಯಿ, ಆದರೂ ಹೀಗಾಯಿತಲ್ಲೋ ಎಂದೆ. ಅವನು ಹಲಗೆ ಮುಚ್ಚಿದ. ಗಾಡಿಯ ಕೆಳಗೆ ತೂರಿ ಹೊರಗೆ ಬಂದ. ಮುಖ ಬೂದಿಯಾಗಿತ್ತು. ಅಂಗಳದ ನಡುವೆ ನಿಂತು ಎಲ್ಲರೂ ಕೇಳುವ ಹಾಗೆ ಹೇಳಿದ.

“ಕೇಬಲಿನ ಇನ್ನೊಂದ ತುದಿ ಕೆಳಗ ಗಾಡಿ ಕಬ್ಬಿಣದ ಚೌಕಟ್ಟಿಗೆ, ಚಾಸಿಗೆ ಬಿಗೀತಾರ. ಆ ನಟ್ಟು ಹೋದ ಸಲ ನಾನ ಸಡ್ಲ ಬಿಟ್ಟಿದ್ದೆ. ತಪ್ಪು ನಂದು.”

ಅವನ ಕಪಾಳಕ್ಕೆ ಹೊಡೆದವನು ನಾನೇ. ಒಂದಲ್ಲ, ಎರಡು. ಅವನು ಕೈ ಅಡ್ಡ ಮಾಡಲಿಲ್ಲ. ಮುರಿಗೆವ್ವ ಅಂಗಳದ ಮಣ್ಣು ಬಾಚಿ ಬಾಚಿ ಅವನ ಮೇಲೆ ತೂರಿದಳು. ಅವಳು ಹಾಕಿದ ಶಾಪಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಪ್ರತಿಯೊಂದಕ್ಕೂ ಅವನು ತಲೆ ಬಗ್ಗಿಸಿ, “ಹೌದ್ರಿ ಯವ್ವಾ,” ಎಂದ.

ಆ ಮೇಲೆ ಯಾರು ಅವನ ಕೈಗೆ ಗಾಡಿ ಕೊಡುತ್ತಾರೆ? ಪ್ರತಿ ಅಮಾವಾಸ್ಯೆ ಮುರಿಗೆವ್ವ ವಿಜಾಪುರಕ್ಕೆ ಹೋಗಿ ಅವನ ಅಂಗಡಿ ಮುಂದೆ ನಿಂತು ಬೈದು ಬರತೊಡಗಿದಳು. ಆರು ತಿಂಗಳಲ್ಲಿ ಅಂಗಡಿ ಮುಚ್ಚಿತು. ಅವನ ಹೆಂಡತಿ ಇಮಾಮಬಿಯ ತವರು ತಿಕೋಟಾ. ಅಲ್ಲಿ ಹೋಗಿ ಗ್ಯಾಸಬತ್ತಿ, ಸ್ಟೋವು, ಸೈಕಲ್ಲು ರಿಪೇರಿ ಮಾಡುತ್ತ ಕೂತ. ಮುರಿಗೆವ್ವ ಅಲ್ಲಿಗೂ ಹೋದಳು. ತಿಂಗಳಿಗೊಮ್ಮೆ, ತಪ್ಪದೆ. ಸಂತೆಯ ಮಂದಿ ನೋಡಲು ನೆರೆಯುತ್ತಿತ್ತು.

ವ್ಯಾನನ್ನು ಅವಳು ಹಿತ್ತಲಿನ ಛಪ್ಪರದಲ್ಲಿ ನಿಲ್ಲಿಸಿ ಬೀಗ ಹಾಕಿದಳು. ಎಂಟು ಹತ್ತು ದಿನ ಮುಸ್ಸಂಜೆಗೆ ಅದರ ದೀಪ ಒಮ್ಮೊಮ್ಮೆ ಹತ್ತಿ ಆರುತ್ತಿದ್ದವಂತೆ. ಬರಬರುತ್ತ ಮಂಕಾಗಿ, ಆಮೇಲೆ ನಿಂತವು. ಆದರೂ ಅವಳು ದಿನಾ ಸಂಜೆ ಅಲ್ಲಿ ಮಣೆ ಹಾಕಿಕೊಂಡು ಕೂಡುತ್ತಿದ್ದಳು, ಮನೆಯ ಸುದ್ದಿಯನ್ನೆಲ್ಲ ಗಾಡಿಗೆ ಹೇಳುತ್ತಿದ್ದಳು. ಎಮ್ಮೆ ಈದದ್ದು, ಪಕ್ಕದ ಮನೆಯ ಮದುವೆ, ಸ್ವಾತಂತ್ರ್ಯ ಬಂತಂತೆ ಅನ್ನುವುದು, ಎಲ್ಲ. ನಾನು ಆ ಮನೆಯ ಕೆಲಸ ಬಿಟ್ಟು ಬೇರೆಯವರ ಮೋಟಾರು ಹೊಡೆಯತೊಡಗಿದ್ದೆ.

ನಲವತ್ತೊಂಬತ್ತರ ಮಳೆಗಾಲದಲ್ಲಿ ಅವಳು ಹೇಳಿಕಳಿಸಿದಳು. ಹೋದೆ. ಕೈಯಲ್ಲಿ ಬೀಗದ ಕೈ ಹಿಡಿದುಕೊಂಡು ನಿಂತಿದ್ದಳು. “ಅಯ್ಯಾರ, ಮಗಳು ಮಾತ ಬಿಟ್ಟಾಳ್ರಿ. ಒಮ್ಮಿ ಆ ದೀಪ ಹತ್ತುವಂಗ ಮಾಡ್ರಿ. ನಿಮ್ಮ ಕಾಲ ಬೀಳ್ತೇನಿ.”

ಛಪ್ಪರದೊಳಗೆ ಇಲಿಯ ವಾಸನೆ. ಹಲಗೆ ಎತ್ತಿದೆ. ಬ್ಯಾಟರಿಯ ಮಗ್ಗುಲಿಗೆ ನಾನೆಳೆದ ಮೂರು ಬೆರಳಿನ ಗೆರೆ ಹಾಗೇ ಇದ್ದವು. ಕ್ಲಾಂಪಿನ ನಟ್ಟು ಬಿಚ್ಚಿ ಎಬ್ಬಿಸಿದೆ. ಸೀಸದ ಗೂಟದ ಸುತ್ತ ಗಚ್ಚಿನ ಹಾಗೆ ಬಿಳಿ ಪದರ ಒಣಗಿ ಕೂತಿತ್ತು. ಉಗುರಿನಿಂದ ಕೆರೆದೆ, ಬರಲಿಲ್ಲ. ಸೀಸಕ್ಕೂ ಕ್ಲಾಂಪಿಗೂ ನಡುವೆ ಕರೆಂಟು ತಡೆದು ಕೂತಿದ್ದ ಕಳ್ಳ ಅದೇ. ದೀಪದ ಗುಂಡಿ ನೋಡಿದರೆ ಆ ದಿನ ನಾನು ಎಳೆದದ್ದು ಎಳೆದ ಹಾಗೇ ಇತ್ತು. ಗಾಡಿಯ ಕೆಳಗೆ ತೂರಿದೆ. ಚಾಸಿಗೆ ಬಿಗಿದ ನಟ್ಟು ಕಬ್ಬಿಣದ ಗಂಟಿನ ಹಾಗೆ ತುಕ್ಕು ಹಿಡಿದು ಗಟ್ಟಿ ಕೂತಿತ್ತು. ಅದಕ್ಕೆ ನಟ್ಟು ತಿರುವುವ ಪಾನಾ ತಾಗಿ ಮೂರಲ್ಲ, ಎಷ್ಟೋ ವರ್ಷವಾಗಿತ್ತು. ಸಡಿಲ ಅನ್ನುವುದು ಹಸಿ ಸುಳ್ಳು.

ಆ ಮಣ್ಣಿನಲ್ಲಿ ಎಷ್ಟು ಹೊತ್ತು ಮಲಗಿದ್ದೆನೋ. ಹೊರಗಿನಿಂದ ಮುರಿಗೆವ್ವ, “ಆತೇನ್ರಿ ಅಯ್ಯಾರ?” ಎಂದಳು. ಮಗಳದೇ ದನಿ. “ಬ್ಯಾಟರಿ ಸತ್ತೈತ್ರಿ,” ಎಂದಷ್ಟೇ ಹೇಳಿ ಅಲ್ಲಿಂದ ಓಡಿದೆ.

ತಿಕೋಟಾದಲ್ಲಿ ಲಾಡಲೇಸಾಬ ಗ್ಯಾಸಬತ್ತಿಯ ಗಾಜು ಒರೆಸುತ್ತ ಕೂತಿದ್ದ. ಗಡ್ಡವೆಲ್ಲ ಬೆಳ್ಳಗಾಗಿತ್ತು. ಹೋದವನೇ ಅವನ ಅಂಗಿ ಹಿಡಿದೆ. “ಲೇ ಸಾಬಾ, ನಿನಗ ಗೊತ್ತಿತ್ತಿಲ್ಲ?”

“ಏನ್ರಿ?”

“ವಿಭೂತಿ!”

ಅವನು ಗಾಜನ್ನು ಜೋಪಾನವಾಗಿ ಕೆಳಗಿಟ್ಟ. “ಮೊದಲನೇ ಸಲ ನೋಡಿದಾಗಿಂದ ಗೊತ್ತಿತ್ರಿ. ನಿಮ್ಮನ್ನ ಚಾ ಕುಡಿಯಾಕ ಕಳಿಸಿ, ಚಾಕೂಲೆ ಕೆರದ, ಸ್ವಚ್ಛ ಮಾಡಿ, ಗ್ರೀಸ್ ಹಚ್ಚಿ ಬಿಗೀತಿದ್ದೆ. ಕೆರದದ್ದನ್ನ ಯಾರೂ ತುಳೀಬಾರದಂತ ಬೇವಿನ ಗಿಡದ ಬುಡಕ್ಕ ಹಾಕ್ತಿದ್ದೆ.”

“ಹೇಳಾಕ ಏನ ಧಾಡಿ ಆಗಿತ್ತೋ ನಿನಗ?”

“ಹೆಂಗ ಹೇಳ್ಲಿ? ನೀವು ಅಯ್ಯಾರು. ಅದು ನಿಮ್ಮ ವಿಭೂತಿ. ಹಿಂದೂ ಮುಸಲ್ಮಾನರ ನಡುವ ದಿನಮಾನ ಎಂಥಾವಿದ್ವು ನಿಮಗ ಗೊತ್ತಿಲ್ಲೇನು? ಸಾಬ ವಿಭೂತಿ ಹಚ್ಚಬ್ಯಾಡ ಅಂದ ಅಂತ ಒಂದ ಮಾತ ಹೊರಬಿದ್ದಿದ್ರ? ತಿಂಗಳಿಗೊಮ್ಮಿ ಕೆರದ ಬಿಟ್ರ ಆತಲ್ಲ ಅಂತ ಸುಮ್ಮನಾದೆ. ಆ ಎಳ್ಳಮಾಸಿಗೆ ಗಾಡಿ ನನ್ನ ತನಕ ಬರಲೇ ಇಲ್ಲ.”

“ಹಚ್ಚಿದಾವ ನಾನೋ! ನನ್ನ ಕೈಲೆ ಹೊಡಸ್ಕೊಂಡ್ಯಲ್ಲೋ!”

“ಹಚ್ಚಿದಾವಗ ಗೊತ್ತಿರಲಿಲ್ರಿ. ನೋಡಿದಾವಗ ಗೊತ್ತಿತ್ತು. ತಪ್ಪು ನಂದ.” ಆಮೇಲೆ ನನ್ನ ಎರಡೂ ಕೈ ಹಿಡಿದು, “ಆ ತಾಯಿಗೆ ಮಾತ್ರ ಹೇಳಬ್ಯಾಡ್ರಿ. ಜಾಸ್ತಿ ಹಚ್ಚಂತ ಹೇಳಿದಾಕಿ ಅಕಿ. ತಡಕೊಳ್ಳೂದಿಲ್ಲ,” ಎಂದ.

ಹೂಂ ಎಂದು ಬಂದೆ. ಎರಡು ವಾರ ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡೆ.

ಅಮಾವಾಸ್ಯೆಯ ದಿನ ಮುರಿಗೆವ್ವ ನಾನು ಹೊಡೆಯುತ್ತಿದ್ದ ಮೋಟಾರನ್ನೇ ಹತ್ತಿ ತಿಕೋಟಾಕ್ಕೆ ಹೊರಟಳು, ಅವನನ್ನು ಬೈಯಲು. ನನ್ನ ಹಿಂದಿನ ಸೀಟಿನಲ್ಲೇ ಕೂತು ದಾರಿಯುದ್ದಕ್ಕೂ ತುಟಿಯಲ್ಲಿ ಶಾಪಗಳನ್ನು ಹೊಂದಿಸಿಕೊಳ್ಳುತ್ತಿದ್ದಳು. ತಿಕೋಟಾದಲ್ಲಿ ಮಂದಿ ಇಳಿದು ಹೋದ ಮೇಲೆ ಅವಳೂ ಇಳಿಯಹೋದಳು. ನನ್ನಿಂದ ತಡೆಯಲಾಗಲಿಲ್ಲ. “ಯವ್ವಾ, ಕುಂಡ್ರಿ,” ಎಂದೆ. ಎಲ್ಲ ಹೇಳಿಬಿಟ್ಟೆ.

ಅವಳು ಅಳಲಿಲ್ಲ. “ಜಾಸ್ತಿ ಹಚ್ರಿ ಅಂತ ನಾನ ಅಂದಿದ್ನೆಲ್ರಿ?” ಎಂದಳು.

“ಹೌದ್ರಿ.”

“ಮತ್ತ ದೀಪ?”

“ಸಂಜೀ ತಂಪಿಗೆ ಕ್ಲಾಂಪು ಕುಗ್ಗಿ ಒಮ್ಮೊಮ್ಮಿ ಗೂಟಕ್ಕ ಕೂಡತಿತ್ರಿ. ಗುಂಡಿ ನಾ ಎಳದ ಬಿಟ್ಟಿದ್ದೆ. ಅಷ್ಟ.”

“ಅಕಿ ಅಲ್ಲ?”

“ಅಲ್ರಿ ಯವ್ವಾ.”

ಸೀಟಿನ ಕಂಬಿ ಹಿಡಿದು ಎದ್ದು ನಿಂತಳು. ಆಮೇಲೆ ನನ್ನ ಮುಖ ನೋಡಿದಳು. “ನಾ ಕೇಳಿದ್ನೇನ್ರಿ ನಿಮ್ಮನ್ನ? ಇನ್ನ ನಾ ಯಾರ ಮುಂದ ಕುಂಡ್ರಲಿ? ಯಾರಿಗೆ ಬೈಲಿ?”

ನಿಜ ಹೇಳಿ ಪುಣ್ಯ ಕಟ್ಟಿಕೊಳ್ಳಲು ಹೋಗಿ, ಆ ಮುದುಕಿಯ ಹತ್ತಿರ ಉಳಿದಿದ್ದ ಎರಡನ್ನೂ ಕಿತ್ತುಕೊಂಡಿದ್ದೆ. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು.

ಅವಳು ಇಳಿದು ನಡೆದೇ ಬಿಟ್ಟಳು. ನಾನು ಹಿಂದೆ ಹಿಂದೆ ಹೋದೆ. ಲಾಡಲೇಸಾಬ ಅವಳನ್ನು ಕಂಡವನೇ ಎಂದಿನಂತೆ ಎದ್ದು ಅಂಗಡಿಯ ಹೊರಗೆ ಬಂದು ತಲೆ ಬಗ್ಗಿಸಿ ನಿಂತ. ಮುರಿಗೆವ್ವ ಬೈಯಲಿಲ್ಲ. ಅವನು ತಲೆ ಎತ್ತಿ ಅವಳನ್ನು ನೋಡಿದ, ಅವಳ ಹಿಂದಿದ್ದ ನನ್ನನ್ನು ನೋಡಿದ. ತಿಳಿಯಿತು ಅವನಿಗೆ.

“ಅಯ್ಯಾರು ಸುಳ್ಳ ಹೇಳ್ಯಾರ್ರಿ ಯವ್ವಾ,” ಎಂದ. “ನಟ್ಟು ನಾನ ಸಡ್ಲ ಬಿಟ್ಟಿದ್ದೆ. ಬೈರಿ, ಸುಮ್ನ ನಿಂದರಬ್ಯಾಡ್ರಿ. ಬೈರಿ.”

ಸಂತೆಯ ನಾಲ್ಕು ಮಂದಿ ಆಗಲೇ ನೆರೆದಿದ್ದರು. ಮುರಿಗೆವ್ವ ಇನ್ನೂ ಹತ್ತಿರ ಹೋದಳು.

“ನಿನ್ನ ಬಾಯಾಗ ಮಣ್ಣ ಹಾಕ,” ಎಂದಳು. “ಒಂದ ಮಾತ. ಒಂದ ಮಾತ ಹೇಳಿದ್ರ ನನ್ನ ಮಗಳು ಬದಕ್ತಿದ್ಳು. ನನ್ನ ಬೈದ ಹೇಳಬೇಕಿತ್ತು, ಈ ಅಯ್ಯಾರನ್ನ ಹಿಡದ ಜಗ್ಗಿ ಹೇಳಬೇಕಿತ್ತು. ನಿನ್ನ ಮನಿ ಮಂದಿ ಆಗಿದ್ರ ಹೇಳತಿದ್ದಿಲ್ಲೇನು? ನಾವು ನಿನಗ ಅಷ್ಟ ಹೊರಗಿನವ್ರ ಆಗಿದ್ವೇನೋ ಲಾಡಲ್ಯಾ?”

ಮೂರು ವರ್ಷ ಅವಳ ಒಂದೊಂದು ಶಾಪಕ್ಕೂ ಹೌದ್ರಿ ಯವ್ವಾ ಎಂದವನು, ಇದೊಂದಕ್ಕೆ ಹೌದು ಅನ್ನಲಾರದೆ, ಇಲ್ಲ ಅನ್ನಲೂ ಬಾರದೆ, ಅಲ್ಲೇ ನೆಲದ ಮೇಲೆ ಕೂತು ಗೊಳೋ ಎಂದು ಅತ್ತುಬಿಟ್ಟ.